ಒಂದೇ ಫೈಲ್, ಹಲವು ಮೇನ್‌ಫ್ರೇಮ್‌ಗಳು: ವಿಸ್ಯಾಮ್ ಫೈಲುಗಳನ್ನು ಏಕಕಾಲದಲ್ಲಿ ಹಂಚಿಕೊಳ್ಳುವ ಬಗೆ

ಒಬ್ಬ ಬೆಳೆಗಾರರ ಬ್ಯಾಂಕ್ ಖಾತೆಯಲ್ಲಿ 40,000 ರೂಪಾಯಿ ಇದೆ ಎಂದು ಇಟ್ಟುಕೊಳ್ಳೋಣ. ಗೋಣಿಕೊಪ್ಪಲಿನ ಶಾಖೆಯಲ್ಲಿ ಅವರ ಕಾಳುಮೆಣಸಿನ ಬಾಬ್ತು 15,000 ರೂಪಾಯಿ ಜಮೆಯಾಗುತ್ತಿರುವ ಹೊತ್ತಿನಲ್ಲೇ ಮಡಿಕೇರಿಯಲ್ಲಿ ಅವರ ಮಗಳು ಕಾರ್ಮಿಕರ ವಾರದ ಬಟವಾಡೆಗೆಂದು 6,000 ರೂಪಾಯಿ ತೆಗೆಯುತ್ತಿದ್ದಾರೆ. ಮೊದಲ ವ್ಯವಹಾರವನ್ನು ಒಂದು ಮೇನ್‌ಫ್ರೇಮ್, ಅಂದರೆ ಬ್ಯಾಂಕಿನ ದೊಡ್ಡ ಕಂಪ್ಯೂಟರ್, ನಡೆಸುತ್ತಿದೆ, ಎರಡನೆಯದನ್ನು ಇನ್ನೊಂದು. ಎರಡೂ ಓದುವುದು ಒಂದೇ ಡಿಸ್ಕಿನಲ್ಲಿರುವ ಒಂದೇ ಫೈಲಿನ ಒಂದೇ ರೆಕಾರ್ಡನ್ನು. ಮೊದಲನೆಯದು 55,000 ಎಂದು ಬರೆದು ಮುಗಿಸುತ್ತದೆ. ಎರಡನೆಯದು ತಾನು ಮೊದಲೇ ಓದಿಟ್ಟುಕೊಂಡಿದ್ದ 40,000ದಿಂದ ಕಳೆದು, ಅದರ ಮೇಲೆಯೇ 34,000 ಎಂದು ಬರೆಯುತ್ತದೆ. ಖಾತೆಯಲ್ಲಿ ಇರಬೇಕಾದದ್ದು 49,000. ಯಾವ ಪ್ರೋಗ್ರಾಮೂ ಅಬೆಂಡ್ ಆಗಲಿಲ್ಲ (ನಡುವೆ ಮುರಿದು ಬೀಳಲಿಲ್ಲ), ಕನ್ಸೋಲಿನಲ್ಲಿ ಒಂದು ಸಂದೇಶವೂ ಬರಲಿಲ್ಲ, ಆದರೆ ಮೆಣಸಿನ ಹಣ ಮಾಯವಾಯಿತು.

ಈ ಲೇಖನ ಇಂತಹ ನಷ್ಟವಾಗದಂತೆ ಫೈಲನ್ನು, ಮುಖ್ಯವಾಗಿ ಮೇನ್‌ಫ್ರೇಮಿನ ವಿಸ್ಯಾಮ್ ಎಂಬ ಬಗೆಯ ಫೈಲನ್ನು, ಹಲವು ಝೆಡ್/ಓಎಸ್ (ಐಬಿಎಂ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಂ) ಸಿಸ್ಟಂಗಳ ನಡುವೆ ಹಂಚುವ ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ ವಿವರಿಸುತ್ತದೆ. ಕುಶಾಲನಗರ, ಪೊನ್ನಂಪೇಟೆಗಳ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಮೇನ್‌ಫ್ರೇಮ್ ತಂಡಗಳಿಗೆ ಸೇರಿದ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಲ್ಲಿ ಹಲವರು ಈಗ ಮನೆಯಿಂದಲೇ, ದೂರದ ಡೇಟಾ ಸೆಂಟರುಗಳಲ್ಲಿರುವ ಯಂತ್ರಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ಅವರಿಗೆ ಕೋಬಾಲ್ ಭಾಷೆ, ಜಾಬುಗಳನ್ನು ಓಡಿಸಲು ಬರೆಯುವ ಜೆಸಿಎಲ್ ಬೇಗ ಒಲಿಯುತ್ತವೆ. ಹಂಚಿಕೆಯ ವಿಷಯವನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಆಜ್ಞೆಗಳನ್ನೂ ಪ್ಯಾರಾಮೀಟರುಗಳನ್ನೂ ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಕನ್ಸೋಲಿನಲ್ಲಿ ಅವುಗಳನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

ಹೆಜ್ಜೆಗಳಿಗೆ ಹೋಗುವ ಮೊದಲು ಒಂದು ಮಾತು. ಹಂಚಿಕೆಯಲ್ಲಿ ನಾನು ಕಂಡ ಅನಾಹುತಗಳೆಲ್ಲ ಅರ್ಧ ಹಂಚಿಕೆಯಿಂದ ಆದವು: ಕೆಲವು ಪ್ರೋಗ್ರಾಮುಗಳು ಲಾಕ್ (ತನ್ನ ಕೆಲಸ ಮುಗಿಯುವವರೆಗೆ ಬೇರೆಯವರನ್ನು ತಡೆಯುವ ಬೀಗ) ಕೇಳಿ ಬರೆಯುತ್ತವೆ, ಒಂದೇ ಒಂದು ಮಾತ್ರ ಕೇಳದೆ ಬರೆಯುತ್ತದೆ. ನಮ್ಮಲ್ಲಿ ರೊಬಸ್ಟಾ ಕೊಯ್ಲು ಮುಗಿದ ಮೇಲೆ ಫೆಬ್ರುವರಿ, ಮಾರ್ಚಿನಲ್ಲಿ ಹೂವಿನ ನೀರು ಕೊಡಲು ನಾಲ್ಕಾರು ಮನೆಯವರು ಒಂದೇ ಕೆರೆಗೆ ಪಂಪ್ ಇಡುವ ಕಡೆಗಳಲ್ಲಿ ಸರದಿಯ ಪಟ್ಟಿ ಇರುತ್ತದೆ. ಆ ಪಟ್ಟಿಗೆ ಬೆಲೆ ಬರುವುದು ಎಲ್ಲರೂ ಅದನ್ನು ನೋಡಿಯೇ ಪಂಪ್ ಚಾಲೂ ಮಾಡಿದಾಗ. ಪಟ್ಟಿ ನೋಡದ ಒಂದು ಮನೆ ಸಾಕು, ಉಳಿದವರ ತೋಟದಲ್ಲಿ ಹೂ ಅರ್ಧ ಅರಳಿ ನಿಲ್ಲುತ್ತದೆ. ಫೈಲಿನ ವಿಷಯದಲ್ಲಿ ನಿಮ್ಮ ಕೆಲಸವೂ ಅದೇ: ಸರದಿಯ ಪಟ್ಟಿ ಯಾವುದು ಎಂದು ತೀರ್ಮಾನಿಸುವುದು, ಮತ್ತು ಅದನ್ನು ನೋಡದೆ ಒಳಬರುವ ದಾರಿಗಳನ್ನು ಒಂದೊಂದಾಗಿ ಹುಡುಕಿ ಮುಚ್ಚುವುದು.

ಮೊದಲ ಹೆಜ್ಜೆ: ಯಾರು ಯಾರು ಆ ಫೈಲನ್ನು ತೆರೆಯುತ್ತಾರೆ?

ತಂಡದವರನ್ನು ಕೇಳಿ ಪಟ್ಟಿ ಮಾಡಿದರೆ ಅದು ಅಪೂರ್ಣವಾಗಿಯೇ ಇರುತ್ತದೆ. ಜನರಿಗೆ ದಿನವೂ ಓಡುವ ಜಾಬುಗಳು ನೆನಪಿರುತ್ತವೆ, ವರ್ಷಕ್ಕೊಮ್ಮೆ ಓಡುವವು ಮರೆತುಹೋಗಿರುತ್ತವೆ. ಆದ್ದರಿಂದ ಎಸ್‌ಎಂಎಫ್ ದಾಖಲೆಗಳನ್ನೇ, ಅಂದರೆ ಸಿಸ್ಟಂ ತಾನೇ ಬರೆದಿಡುವ ಚಟುವಟಿಕೆಯ ದಾಖಲೆಗಳನ್ನೇ, ಕೇಳಿ. ವಿಸ್ಯಾಮ್ ಫೈಲ್ ತೆರೆದಾಗ 62ನೆಯ ಬಗೆಯ ದಾಖಲೆ, ಮುಚ್ಚಿದಾಗ 64ನೆಯ ಬಗೆಯ ದಾಖಲೆ ಬೀಳುತ್ತದೆ. ವಿಸ್ಯಾಮ್ ಅಲ್ಲದ ಫೈಲುಗಳಿಗೆ ಓದುವಾಗ 14, ಬರೆಯುವಾಗ 15. ಎಲ್ಲ ಸಿಸ್ಟಂಗಳಿಂದಲೂ ಈ ದಾಖಲೆಗಳನ್ನು ಒಟ್ಟುಗೂಡಿಸಿ, ಫೈಲಿನ ಹೆಸರಿನ ಮೇಲೆ ವಿಂಗಡಿಸಿ, ಯಾವ ಸಿಸ್ಟಮಿನ ಯಾವ ಜಾಬ್ ಯಾವ ಹೊತ್ತಿನಲ್ಲಿ ಓದಿತು ಅಥವಾ ಬರೆಯಿತು ಎಂಬ ತಖ್ತೆಯನ್ನು ಮಾಡಿಕೊಳ್ಳಿ. ಕನಿಷ್ಠ ಒಂದು ತಿಂಗಳ ಕೊನೆ ಅದರಲ್ಲಿ ಸೇರಿರಲಿ. ಸಾಧ್ಯವಾದರೆ ಮಾರ್ಚ್ 31ರ ಆಸುಪಾಸಿನ ವಾರವೂ ಇರಲಿ, ಏಕೆಂದರೆ ಆರ್ಥಿಕ ವರ್ಷದ ಕೊನೆಯಲ್ಲಿ ಮಾತ್ರ ಏಳುವ ಜಾಬುಗಳು ಇರುತ್ತವೆ.

ಅದರ ಜೊತೆಗೇ ಪ್ರತಿ ಫೈಲಿಗೂ ಅದರ ವಿವರ ತೋರಿಸುವ ಲಿಸ್ಟ್‌ಕ್ಯಾಟ್ ಆಜ್ಞೆ ಓಡಿಸಿ. ಫೈಲ್ ಕೆಎಸ್‌ಡಿಎಸ್ (ಕೀ ಕ್ರಮದ್ದು) ಆಗಿದೆಯೇ ಇಎಸ್‌ಡಿಎಸ್ (ಬಂದ ಕ್ರಮದ್ದು) ಆಗಿದೆಯೇ, ಎಸ್‌ಎಂಎಸ್ (ಫೈಲುಗಳ ಜಾಗವನ್ನು ನಿರ್ವಹಿಸುವ ವ್ಯವಸ್ಥೆ) ಆಡಳಿತದಲ್ಲಿದೆಯೇ, ಶೇರ್‌ಆಪ್ಷನ್ಸ್ ಎಷ್ಟು, ಲಾಗ್ ಎಂಬಲ್ಲಿ ಏನಿದೆ (ಈ ಎರಡರ ಅರ್ಥ ಮುಂದೆ ಬರುತ್ತದೆ) ಎಂಬುದನ್ನೆಲ್ಲ ಅದೇ ತಖ್ತೆಯಲ್ಲಿ ಬರೆಯಿರಿ. ಈ ಕೆಲಸ ಬೇಸರದ್ದು. ಆದರೆ ಮುಂದಿನ ಎಲ್ಲ ತೀರ್ಮಾನಗಳೂ ಈ ತಖ್ತೆಯನ್ನೇ ಅವಲಂಬಿಸುವುದರಿಂದ ಇಲ್ಲಿ ಒಂದು ವಾರ ಹೆಚ್ಚು ಹಿಡಿದರೂ ನಷ್ಟವಿಲ್ಲ.

ತಖ್ತೆ ಕೈಗೆ ಬಂದ ಮೇಲೆ ಕೆಲವು ಫೈಲುಗಳನ್ನು ಹಂಚುವ ಅಗತ್ಯವೇ ಇಲ್ಲವೆಂದು ಕಾಣಬಹುದು. ಎರಡನೆಯ ಸಿಸ್ಟಂ ಕೇವಲ ಓದುವುದಾದರೆ, ಮತ್ತು ನಿನ್ನೆ ರಾತ್ರಿಯ ಮಾಹಿತಿ ಸಾಕಾಗುವುದಾದರೆ, ಪ್ರತಿದಿನ ಒಂದು ನಕಲು ಮಾಡಿ ಕೊಡುವುದು ಎಲ್ಲಕ್ಕಿಂತ ಸರಳ. ಆನ್‌ಲೈನ್ ವ್ಯವಹಾರಗಳೆಲ್ಲ ಸಿಐಸಿಎಸ್ ಎಂಬ ವ್ಯವಹಾರ ನಡೆಸುವ ತಂತ್ರಾಂಶದ ಮೂಲಕವೇ ನಡೆಯುವುದಾದರೆ, ಫೈಲನ್ನು ಅದರ ಒಂದೇ ರೀಜನ್ನಿಗೆ (ಓಡುತ್ತಿರುವ ಒಂದು ಪ್ರತಿಗೆ) ಒಪ್ಪಿಸಿ, ಉಳಿದ ರೀಜನ್ನುಗಳು ಅದನ್ನೇ ಕೇಳಿ ಪಡೆಯುವ ಹಳೆಯ ಕ್ರಮವೂ ಇದೆ. ಕೊಡವ ಒಕ್ಕದ (ಮನೆತನದ) ಜಮ್ಮಾ ಜಮೀನು ಅದರ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿದ್ದು ಮಿಕ್ಕವರು ಅವರ ಮೂಲಕವೇ ವ್ಯವಹರಿಸುವಂತೆ ಆ ಕ್ರಮ ನಡೆಯುತ್ತದೆ. ಗೊಂದಲಕ್ಕೆ ಎಡೆಯಿಲ್ಲ, ಆದರೆ ಆ ಒಂದು ರೀಜನ್ ಬಿದ್ದರೆ ಎಲ್ಲವೂ ನಿಲ್ಲುತ್ತದೆ, ಮತ್ತು ಅದರ ಸಾಮರ್ಥ್ಯವೇ ಇಡೀ ವ್ಯವಸ್ಥೆಯ ಮಿತಿಯಾಗುತ್ತದೆ. ಈ ಎರಡು ತೊಂದರೆಗಳನ್ನು ನಿಮ್ಮ ಸಂಸ್ಥೆ ತಾಳಿಕೊಳ್ಳಬಲ್ಲದಾದರೆ ಇಲ್ಲಿಗೇ ನಿಲ್ಲಿಸಬಹುದು.

ಎರಡನೆಯ ಹೆಜ್ಜೆ: ಜಿಆರ್‌ಎಸ್ ಸರಿಯಾಗಿದೆಯೇ?

ಜೆಸಿಎಲ್‌ನಲ್ಲಿ ಡಿಸ್ಪ್ ಈಕ್ವಲ್ಸ್ ಓಲ್ಡ್ ಎಂದು ಬರೆದರೆ ಫೈಲ್ ತನಗೊಬ್ಬನಿಗೇ ಸಿಗುತ್ತದೆ ಎಂದು ಎಲ್ಲರೂ ಕಲಿತಿರುತ್ತಾರೆ. ಆ ಭರವಸೆ ನಿಂತಿರುವುದು ಎಸ್‌ವೈಎಸ್‌ಡಿಎಸ್‌ಎನ್ ಎಂಬ ಹೆಸರಿನಲ್ಲಿ ಹೊರಡುವ ಒಂದು ಎನ್‌ಕ್ಯೂ (ಸರದಿಗೆ ಹೆಸರು ಹಚ್ಚುವ) ಕೋರಿಕೆಯ ಮೇಲೆ, ಮತ್ತು ಆ ಕೋರಿಕೆ ಹುಟ್ಟುವಾಗ ಒಂದೇ ಸಿಸ್ಟಮಿನ ವ್ಯಾಪ್ತಿಯದ್ದಾಗಿರುತ್ತದೆ. ಅದನ್ನು ಉಳಿದ ಸಿಸ್ಟಂಗಳಿಗೂ ತಲುಪಿಸುವುದು ಜಿಆರ್‌ಎಸ್, ಅಂದರೆ ಗ್ಲೋಬಲ್ ರಿಸೋರ್ಸ್ ಸೀರಿಯಲೈಸೇಷನ್. ಎರಡು ಸಿಸ್ಟಂಗಳು ಒಂದೇ ಜಿಆರ್‌ಎಸ್ ಕೂಟದಲ್ಲಿ ಇಲ್ಲದಿದ್ದರೆ, ಎರಡರಲ್ಲೂ ಓಲ್ಡ್ ಎಂದೇ ಬರೆದ ಎರಡು ಜಾಬುಗಳು ಒಂದೇ ಫೈಲನ್ನು ಒಟ್ಟಿಗೆ ತೆರೆದು ಬರೆಯಬಲ್ಲವು. ಡಿಸ್ಕಿನ ಕೇಬಲ್ ಎರಡೂ ಕಡೆಗೆ ಹೋಗಿದೆ ಎಂಬುದರಿಂದ ರಕ್ಷಣೆ ತಾನಾಗಿ ಬರುವುದಿಲ್ಲ.

ಯಾವ ಕೋರಿಕೆ ಎಲ್ಲೆಲ್ಲಿಗೆ ಹೋಗಬೇಕೆಂಬುದನ್ನು ಮೂರು ಪಟ್ಟಿಗಳು ತೀರ್ಮಾನಿಸುತ್ತವೆ, ಇವು ಸಿಸ್ಟಮಿನ ಸೆಟ್ಟಿಂಗುಗಳ ಲೈಬ್ರರಿಯಾದ ಪಾರ್ಮ್‌ಲಿಬ್‌ನ ಜಿಆರ್‌ಎಸ್‌ಆರ್‌ಎನ್‌ಎಲ್ ಸದಸ್ಯದಲ್ಲಿ (ಲೈಬ್ರರಿಯೊಳಗಿನ ಒಂದು ಬಿಡಿ ಕಡತದಲ್ಲಿ) ಇರುತ್ತವೆ. ಸಿಸ್ಟಂ ಇನ್‌ಕ್ಲೂಷನ್ ಪಟ್ಟಿ ಒಂದೇ ಸಿಸ್ಟಮಿನ ಕೋರಿಕೆಯನ್ನು ಎಲ್ಲರಿಗೂ ವಿಸ್ತರಿಸುತ್ತದೆ. ಸಿಸ್ಟಮ್ಸ್ ಎಕ್ಸ್‌ಕ್ಲೂಷನ್ ಪಟ್ಟಿ ಎಲ್ಲರಿಗೂ ಹೋಗಬೇಕಾದದ್ದನ್ನು ಒಂದೇ ಸಿಸ್ಟಮಿಗೆ ಕುಗ್ಗಿಸುತ್ತದೆ. ರಿಸರ್ವ್ ಕನ್ವರ್ಷನ್ ಪಟ್ಟಿ ಇಡೀ ಡಿಸ್ಕನ್ನು ಹಿಡಿಯುವ ರಿಸರ್ವ್ ಕೋರಿಕೆಯನ್ನು, ಬೇಕಾದ ಒಂದು ವಸ್ತುವನ್ನಷ್ಟೇ ಹಿಡಿಯುವ ಎನ್‌ಕ್ಯೂ ಆಗಿ ಬದಲಿಸುತ್ತದೆ. ಈ ಪಟ್ಟಿಗಳು ಕೂಟದ ಎಲ್ಲ ಸಿಸ್ಟಂಗಳಲ್ಲೂ ಅಕ್ಷರಶಃ ಒಂದೇ ಆಗಿರಬೇಕು. "ಡಿಸ್‌ಪ್ಲೇ ಜಿಆರ್‌ಎಸ್, ಆರ್‌ಎನ್‌ಎಲ್ ಈಕ್ವಲ್ಸ್ ಆಲ್" ಎಂಬ ಆಜ್ಞೆಯಿಂದ ಈಗ ಚಾಲ್ತಿಯಲ್ಲಿರುವುದನ್ನು ನೋಡಿ, ಎಸ್‌ವೈಎಸ್‌ಡಿಎಸ್‌ಎನ್ ಮೊದಲ ಪಟ್ಟಿಯಲ್ಲಿ ಇದೆಯೆಂದೂ, ನೀವು ಹಂಚಲಿರುವ ಫೈಲಿನ ಹೆಸರನ್ನು ಯಾರೋ ಎಂದೋ ಎರಡನೆಯ ಪಟ್ಟಿಗೆ ಸೇರಿಸಿಲ್ಲವೆಂದೂ ಖಾತ್ರಿ ಮಾಡಿಕೊಳ್ಳಿ.

ರಿಸರ್ವ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಒಂದು ಸಿಸ್ಟಂ ರಿಸರ್ವ್ ಮಾಡಿದ ಡಿಸ್ಕಿನಲ್ಲಿ ಇನ್ನೂರು ಫೈಲುಗಳಿದ್ದರೂ ಆ ಹೊತ್ತಿನಲ್ಲಿ ಉಳಿದ ಯಾವ ಸಿಸ್ಟಮಿಗೂ ಅವುಗಳಲ್ಲಿ ಒಂದೂ ಸಿಗುವುದಿಲ್ಲ. ಒಂದು ಸಿಸ್ಟಂ ಮೊದಲ ಡಿಸ್ಕನ್ನು ಹಿಡಿದು ಎರಡನೆಯದಕ್ಕೆ ಕಾಯುತ್ತಾ, ಮತ್ತೊಂದು ಸಿಸ್ಟಂ ಎರಡನೆಯದನ್ನು ಹಿಡಿದು ಮೊದಲನೆಯದಕ್ಕೆ ಕಾಯುತ್ತಾ ಕುಳಿತರೆ ಎರಡೂ ಅಲ್ಲಿಯೇ ಉಳಿಯುತ್ತವೆ. ಆದ್ದರಿಂದ ಸಾಧ್ಯವಾದ ಕಡೆಯಲ್ಲೆಲ್ಲ ಅದನ್ನು ಎನ್‌ಕ್ಯೂಗೆ ಬದಲಿಸುವುದು ಒಳ್ಳೆಯದು. ಆದರೆ ಆ ಡಿಸ್ಕಿಗೆ ಜಿಆರ್‌ಎಸ್ ಕೂಟದ ಹೊರಗಿನ ಒಂದು ಸಿಸ್ಟಮೂ ಸಂಪರ್ಕದಲ್ಲಿದ್ದರೆ ಬದಲಿಸಲೇ ಕೂಡದು. ಹೊರಗಿನವನಿಗೆ ಎನ್‌ಕ್ಯೂ ಕೇಳಿಸುವುದಿಲ್ಲ. ಅವನನ್ನು ತಡೆಯುತ್ತಿದ್ದ ಒಂದೇ ಬೇಲಿ ಆ ರಿಸರ್ವ್ ಆಗಿತ್ತು. ಪರೀಕ್ಷೆಗೆಂದು ಇಟ್ಟ ಒಂಟಿ ಸಿಸ್ಟಂ ಒಂದು ಉತ್ಪಾದನೆಯ ಡಿಸ್ಕಿಗೆ ಅಂಟಿಕೊಂಡಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ, ಹಾರ್ಡ್‌ವೇರ್ ಸಂಪರ್ಕದ ನಕ್ಷೆಯನ್ನು ತರಿಸಿ ನೋಡದೆ ಇದು ಗೊತ್ತಾಗುವುದಿಲ್ಲ.

ಮಳೆಗಾಲದಲ್ಲಿ ಮನೆಯಿಂದ ಕೆಲಸ ಮಾಡುವವರಿಗೆ ಇಲ್ಲಿಯೇ ಒಂದು ಎಚ್ಚರಿಕೆ. ಜೂನ್, ಜುಲೈ ತಿಂಗಳಲ್ಲಿ ಮರ ಬಿದ್ದು ಕರೆಂಟೂ ನೆಟ್ಟೂ ಒಟ್ಟಿಗೆ ಹೋಗುವುದು ನಮಗೆ ಹೊಸತಲ್ಲ. ನೀವು ಐಎಸ್‌ಪಿಎಫ್ ಎಡಿಟರಿನಲ್ಲಿ ಲೈಬ್ರರಿಯ ಒಂದು ಸದಸ್ಯವನ್ನು ಎಡಿಟ್ ಮಾಡುತ್ತಿರುವಾಗ ಸಂಪರ್ಕ ಕಡಿದರೆ, ಅತ್ತ ಡೇಟಾ ಸೆಂಟರಿನಲ್ಲಿ ನಿಮ್ಮ ಲಾಗಿನ್, ಅಂದರೆ ಟಿಎಸ್‌ಓ ಸೆಷನ್, ಕೂಡಲೇ ಸಾಯದೆ, ಮರುಸಂಪರ್ಕಕ್ಕೆ ನಿಗದಿಯಾದ ನಿಮಿಷಗಳವರೆಗೆ ಕಾಯುತ್ತಾ ಇರಬಹುದು. ಅದು ಇರುವಷ್ಟು ಹೊತ್ತೂ ನಿಮ್ಮ ಹೆಸರಿನ ಎನ್‌ಕ್ಯೂಗಳೂ ಇರುತ್ತವೆ. ಆ ಲೈಬ್ರರಿಗೆ ಓಲ್ಡ್ ಎಂದು ಕೇಳುವ ರಾತ್ರಿಯ ಜಾಬ್ ಯಾವ ಸಿಸ್ಟಮಿನಲ್ಲಿ ಓಡಿದರೂ ನಿಮಗಾಗಿ ಕಾಯುತ್ತದೆ. ಹಂಚಿಕೊಂಡ ಫೈಲುಗಳ ಮೇಲೆ ಕೆಲಸ ಮಾಡುವ ದಿನ ಆಕಾಶ ಕಪ್ಪಾದರೆ ಎಡಿಟ್‌ನಿಂದ ಹೊರಬಂದುಬಿಡಿ, ಮತ್ತು "ಡಿಸ್‌ಪ್ಲೇ ಜಿಆರ್‌ಎಸ್, ಸಿ" ಎಂಬ ಆಜ್ಞೆಯನ್ನು ಆಪರೇಟರುಗಳಿಗೆ ಹೇಳಿಕೊಡಿ. ಯಾರು ಹಿಡಿದಿದ್ದಾರೆ, ಯಾರು ಕಾಯುತ್ತಿದ್ದಾರೆ ಎಂಬುದನ್ನು ಅದು ತೋರಿಸುತ್ತದೆ.

ಮೂರನೆಯ ಹೆಜ್ಜೆ: ಶೇರ್‌ಆಪ್ಷನ್ಸ್‌ನ ಅರ್ಥವನ್ನು ತಿಳಿದುಕೊಳ್ಳಿ

ವಿಸ್ಯಾಮ್ ಫೈಲಿನ ವ್ಯಾಖ್ಯೆಯಲ್ಲಿ ಶೇರ್‌ಆಪ್ಷನ್ಸ್ ಎಂದು ಎರಡು ಅಂಕೆಗಳಿರುತ್ತವೆ. ಮೊದಲನೆಯದು ಒಂದೇ ಸಿಸ್ಟಮಿನೊಳಗಿನ, ಅಥವಾ ಜಿಆರ್‌ಎಸ್‌ನಿಂದ ಬೆಸೆದ ಸಿಸ್ಟಂಗಳ ನಡುವಿನ ಹಂಚಿಕೆಗೆ. ಎರಡನೆಯದು ಹಾಗೆ ಬೆಸೆಯದ ಸಿಸ್ಟಂಗಳ ನಡುವಿನ ಹಂಚಿಕೆಗೆ. ಏನೂ ಹೇಳದಿದ್ದರೆ 1 ಮತ್ತು 3 ಎಂದಾಗುತ್ತದೆ.

ಮೊದಲ ಅಂಕೆ 1 ಆಗಿದ್ದರೆ ಎಷ್ಟು ಜನ ಬೇಕಾದರೂ ಓದಬಹುದು, ಇಲ್ಲವೇ ಒಬ್ಬರು ಮಾತ್ರ ಬರೆಯಬಹುದು. ಎರಡೂ ಒಟ್ಟಿಗೆ ಆಗದು. 2 ಆಗಿದ್ದರೆ ಒಬ್ಬರು ಬರೆಯುತ್ತಿರುವಾಗಲೇ ಉಳಿದವರು ಓದಬಹುದು, ಆದರೆ ಓದುವವರಿಗೆ ಸಿಗುವುದು ಹಳತೋ ಹೊಸತೋ ಎಂಬ ಖಾತ್ರಿ ಇಲ್ಲ. ಬರೆಯುವವನು ಒಂದು ಕಂಟ್ರೋಲ್ ಇಂಟರ್ವಲನ್ನು (ಕೆಲವು ರೆಕಾರ್ಡುಗಳಿರುವ ತುಣುಕನ್ನು) ಎರಡಾಗಿ ಒಡೆದ ಕ್ಷಣದಲ್ಲಿ ಓದುವವನು ಹಳೆಯ ಬಫರನ್ನೇ (ಮೆಮೊರಿಯಲ್ಲಿಟ್ಟುಕೊಂಡ ಪ್ರತಿಯನ್ನೇ) ನೋಡುತ್ತಿದ್ದರೆ ಕೆಲವು ರೆಕಾರ್ಡುಗಳು ಅವನಿಗೆ ಕಾಣಿಸದೆಯೇ ಹೋಗಬಹುದು. 3 ಎಂದರೆ ವಿಸ್ಯಾಮ್ ಯಾರನ್ನೂ ತಡೆಯುವುದಿಲ್ಲ, ಹೊಣೆಯೆಲ್ಲ ಪ್ರೋಗ್ರಾಮಿನದು. 4 ಎಂದರೂ ತಡೆಯುವುದಿಲ್ಲ, ನೇರವಾಗಿ ಕೀ ಹಿಡಿದು ಓದುವಾಗ ಬಫರನ್ನು ಪ್ರತಿ ಸಲ ಡಿಸ್ಕಿನಿಂದ ಹೊಸದಾಗಿ ತುಂಬಿಸಿಕೊಳ್ಳುತ್ತದೆ ಅಷ್ಟೆ. ಎರಡನೆಯ ಅಂಕೆಗೆ 3 ಮತ್ತು 4 ಮಾತ್ರ ಇವೆ. ಅಲ್ಲಿ 4 ಇಟ್ಟರೆ ಕಂಟ್ರೋಲ್ ಏರಿಯಾ (ಅಂತಹ ಇಂಟರ್ವಲ್ಲುಗಳ ಗುಂಪು) ಒಡೆಯಬೇಕಾದಂತಹ ಸೇರ್ಪಡೆಯನ್ನು ವಿಸ್ಯಾಮ್ ನಿರಾಕರಿಸುತ್ತದೆ, ಹಾಗಾಗಿ ದಿನದಿನವೂ ಬೆಳೆಯುವ ಫೈಲಿಗೆ ಅದು ಹೊಂದುವುದಿಲ್ಲ.

ಹೊಸಬರು ಇಲ್ಲಿ ಮಾಡುವ ತಪ್ಪು ಒಂದೇ. ಎರಡನೆಯ ಸಿಸ್ಟಮಿನಲ್ಲಿ ಫೈಲ್ ತೆರೆಯಲು ಆಗುತ್ತಿಲ್ಲವೆಂದು ದೂರು ಬಂದಾಗ, ಶೇರ್‌ಆಪ್ಷನ್ಸನ್ನು 3, 3 ಎಂದು ಬದಲಿಸುತ್ತಾರೆ, ಫೈಲ್ ತೆರೆಯುತ್ತದೆ, ದೂರು ಮುಗಿಯಿತೆಂದುಕೊಳ್ಳುತ್ತಾರೆ. ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಹೀಗೆಯೇ ಆಯಿತು. ತಿಂಗಳ ಕೊನೆಯ ಹೊರೆ ಇಳಿಸಲು ಒಂದು ಬ್ಯಾಚ್ ಜಾಬನ್ನು (ಕೌಂಟರಿನಿಂದಲ್ಲದೆ ಒಟ್ಟಾಗಿ ಓಡಿಸುವ ಕೆಲಸವನ್ನು) ಎರಡನೆಯ ಸಿಸ್ಟಮಿಗೆ ಸರಿಸಿದರು, 3, 3 ಮಾಡಿದ್ದ ಫೈಲನ್ನು ಎರಡೂ ಕಡೆಯಿಂದ ಒಂದೇ ರಾತ್ರಿ ಬರೆದರು. ಬೆಳಿಗ್ಗೆ ಇಂಡೆಕ್ಸ್ ಒಂದು ಹೇಳುತ್ತಿತ್ತು, ಡೇಟಾ ಇನ್ನೊಂದು ಹೇಳುತ್ತಿತ್ತು. ಫೈಲನ್ನು ಪರೀಕ್ಷಿಸುವ ಎಕ್ಸಾಮಿನ್ ಆಜ್ಞೆ ಓಡಿಸಿದಾಗ ತಪ್ಪುಗಳ ಪಟ್ಟಿ ಪುಟಗಟ್ಟಲೆ ಬಂತು. ಹಿಂದಿನ ದಿನದ ಬ್ಯಾಕಪ್ಪಿನಿಂದ ಫೈಲನ್ನು ಮರಳಿಸಿ, ಎಲ್ಲ ಜಾಬುಗಳನ್ನೂ ಮತ್ತೆ ಕ್ರಮವಾಗಿ ಓಡಿಸಲು ಎರಡು ದಿನ ಹಿಡಿಯಿತು, ಆ ಎರಡು ದಿನ ಹಣ ಸಿಗಬೇಕಾದವರಿಗೆ ಸಿಗಲಿಲ್ಲ. ಆ ಅಂಕೆಯನ್ನು ಬದಲಿಸಿದವರಲ್ಲಿ ನಾನೂ ಇದ್ದೆ. ಅಂದಿನಿಂದ, ಲಾಕ್ ಹಿಡಿಯುವವರು ಯಾರೆಂದು ಕಾಗದದ ಮೇಲೆ ಬರೆದು ತೋರಿಸದ ಹೊರತು 3, 3ಕ್ಕೆ ನಾನು ಒಪ್ಪಿಗೆ ಕೊಡುವುದಿಲ್ಲ.

ವಿಸ್ಯಾಮ್ ಅಲ್ಲದ ಫೈಲುಗಳಲ್ಲಿ ಪಿಡಿಎಸ್ ಲೈಬ್ರರಿಗಳು, ಅಂದರೆ ಹಲವು ಸದಸ್ಯಗಳನ್ನು ಒಳಗೊಂಡ ಫೈಲುಗಳು, ಮುಖ್ಯ. ಹಳೆಯ ಪಿಡಿಎಸ್‌ಗೆ ಎರಡು ಸಿಸ್ಟಂಗಳಿಂದ ಒಟ್ಟಿಗೆ ಬರೆದರೆ ಡೈರೆಕ್ಟರಿ ಕೆಡುತ್ತದೆ. ಅದರ ಹೊಸ ರೂಪವಾದ ಪಿಡಿಎಸ್‌ಇ ಆಗಿದ್ದು, ಪಾರ್ಮ್‌ಲಿಬ್‌ನ ಐಜಿಡಿಎಸ್‌ಎಂಎಸ್ ಸದಸ್ಯದಲ್ಲಿ ಪಿಡಿಎಸ್‌ಇ ಶೇರಿಂಗ್ ಎಕ್ಸ್‌ಟೆಂಡೆಡ್ ಎಂದಿದ್ದರೆ, ಒಂದೇ ಸಿಸ್‌ಪ್ಲೆಕ್ಸ್‌ನ (ಒಂದಾಗಿ ಬೆಸೆದ ಝೆಡ್/ಓಎಸ್ ಕೂಟದ) ಸಿಸ್ಟಂಗಳು ಬೇರೆಬೇರೆ ಸದಸ್ಯಗಳಿಗೆ ಏಕಕಾಲದಲ್ಲಿ ಬರೆಯಬಹುದು. ಸಿಸ್‌ಪ್ಲೆಕ್ಸ್‌ನ ಹೊರಗಿನಿಂದ ಬರೆಯುವುದು ಎಂದಿಗೂ ಬೇಡ.

ನಾಲ್ಕನೆಯ ಹೆಜ್ಜೆ: ಆರ್‌ಎಲ್‌ಎಸ್‌ಗೆ ನೆಲ ಹದ ಮಾಡುವುದು

ಹಲವು ಸಿಸ್ಟಂಗಳು ಒಂದೇ ವಿಸ್ಯಾಮ್ ಫೈಲಿಗೆ ನಿಜವಾಗಿಯೂ ಒಟ್ಟಿಗೆ ಬರೆಯಬೇಕಾದರೆ ದಾರಿ ಆರ್‌ಎಲ್‌ಎಸ್, ಅಂದರೆ ರೆಕಾರ್ಡ್ ಲೆವೆಲ್ ಶೇರಿಂಗ್. ಐಬಿಎಂ 1990ರಲ್ಲಿ ಸಿಸ್‌ಪ್ಲೆಕ್ಸನ್ನೂ 1994ರಲ್ಲಿ ಪ್ಯಾರಲಲ್ ಸಿಸ್‌ಪ್ಲೆಕ್ಸನ್ನೂ ತಂದಿತು; ಎರಡನೆಯದರ ಜೊತೆ ಬಂದ ಕಪ್ಲಿಂಗ್ ಫೆಸಿಲಿಟಿ ಎಂಬ ಹಂಚಿಕೊಂಡ ಮೆಮೊರಿಯ ಮೇಲೆ ಆರ್‌ಎಲ್‌ಎಸ್ ನಿಂತಿದೆ. ಪ್ರತಿ ಸಿಸ್ಟಮಿನಲ್ಲೂ ಎಸ್‌ಎಂಎಸ್‌ವಿಸ್ಯಾಮ್ ಎಂಬ ಅಡ್ರೆಸ್ ಸ್ಪೇಸ್ (ಹಿನ್ನೆಲೆಯಲ್ಲಿ ಓಡುವ ಸೇವಕ ಪ್ರೋಗ್ರಾಮು) ಇರುತ್ತದೆ. ರೆಕಾರ್ಡ್ ಬೇಕಾದವರೆಲ್ಲ ಅದನ್ನೇ ಕೇಳುತ್ತಾರೆ, ಅದು ಕಪ್ಲಿಂಗ್ ಫೆಸಿಲಿಟಿಯಲ್ಲಿ ಆ ಒಂದು ರೆಕಾರ್ಡಿಗಷ್ಟೇ ಲಾಕ್ ಹಾಕುತ್ತದೆ. ಒಂದು ಸಿಸ್ಟಂ ರೆಕಾರ್ಡನ್ನು ಬದಲಿಸಿದಾಗ ಹೊಸ ಪ್ರತಿ ಡಿಸ್ಕಿಗೂ ಕಪ್ಲಿಂಗ್ ಫೆಸಿಲಿಟಿಯ ಕ್ಯಾಶೆಗೂ (ಬೇಗ ಸಿಗಲೆಂದು ಪ್ರತಿಗಳನ್ನಿಡುವ ಜಾಗಕ್ಕೂ) ಹೋಗುತ್ತದೆ, ಮತ್ತು ಅದೇ ಇಂಟರ್ವಲ್ಲಿನ ಹಳೆಯ ಪ್ರತಿಯನ್ನು ಬಫರಿನಲ್ಲಿ ಇಟ್ಟುಕೊಂಡಿರುವ ಉಳಿದ ಸಿಸ್ಟಂಗಳಿಗೆ, ಅವುಗಳ ಕೆಲಸವನ್ನು ನಿಲ್ಲಿಸದೆಯೇ, ಆ ಪ್ರತಿ ಇನ್ನು ಕೆಲಸಕ್ಕೆ ಬಾರದು ಎಂಬ ಗುರುತು ಬೀಳುತ್ತದೆ. ನಮ್ಮ 40,000 ರೂಪಾಯಿಯ ಖಾತೆಯಲ್ಲಿ ಮಡಿಕೇರಿಯ ವ್ಯವಹಾರ ಗೋಣಿಕೊಪ್ಪಲಿನದು ಮುಗಿಯುವವರೆಗೆ ಕಾದು, 55,000 ಎಂದು ಓದಿ, 49,000 ಎಂದು ಬರೆಯುತ್ತದೆ.

ಇದಕ್ಕೆ ಬೇಕಾದ ತಯಾರಿ ಸಣ್ಣದಲ್ಲ, ಮತ್ತು ಅದರ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮೊದಲು, ಕಪ್ಲಿಂಗ್ ಫೆಸಿಲಿಟಿಯ ಜಾಗ ಹಂಚುವ ಸಿಎಫ್‌ಆರ್‌ಎಂ ಪಾಲಿಸಿಯಲ್ಲಿ ಐಜಿಡಬ್ಲ್ಯೂಲಾಕ್00 ಎಂಬ ಹೆಸರಿನ ಲಾಕ್ ಸ್ಟ್ರಕ್ಚರನ್ನೂ (ಲಾಕುಗಳ ಪಟ್ಟಿ ಇರುವ ಜಾಗವನ್ನೂ), ನೀವು ಹೆಸರಿಡುವ ಕ್ಯಾಶೆ ಸ್ಟ್ರಕ್ಚರುಗಳನ್ನೂ ಐಎಕ್ಸ್‌ಸಿಎಂಐಎಪಿಯು ಯುಟಿಲಿಟಿಯಿಂದ ಬರೆಯಿರಿ. ಲಾಕ್ ಸ್ಟ್ರಕ್ಚರಿನ ಆರಂಭದ ಅಳತೆಗೆ ಒಂದು ಲೆಕ್ಕ ಇದೆ: 10 ಎಂಬಿಯನ್ನು ಸಿಸ್ಟಂಗಳ ಸಂಖ್ಯೆಯಿಂದ, ಆಮೇಲೆ ಒಂದು ಲಾಕ್ ನಮೂದಿನ ಬೈಟುಗಳಿಂದ ಗುಣಿಸಬೇಕು. ಏಳು ಸಿಸ್ಟಂಗಳವರೆಗೆ ನಮೂದು 2 ಬೈಟ್, ಎಂಟರಿಂದ ಇಪ್ಪತ್ತಮೂರರವರೆಗೆ 4, ಅದಕ್ಕೂ ಮೇಲೆ ಸಿಸ್‌ಪ್ಲೆಕ್ಸ್‌ನ ಮಿತಿಯಾದ 32ರವರೆಗೆ 8. ಮೂರು ಸಿಸ್ಟಂಗಳಿದ್ದರೆ 60 ಎಂಬಿ ಆಯಿತು. ಕ್ಯಾಶೆಗೆ, ಎಲ್ಲ ಸಿಸ್ಟಂಗಳ ಆರ್‌ಎಲ್‌ಎಸ್ ಬಫರುಗಳ ಒಟ್ಟು ಗಾತ್ರದಷ್ಟು ಜಾಗ ಕೊಡುವುದು ಒಳ್ಳೆಯದು. ಕಪ್ಲಿಂಗ್ ಫೆಸಿಲಿಟಿ ಎರಡು ಇರಲಿ. ಲಾಕ್ ಸ್ಟ್ರಕ್ಚರ್ ಇರುವ ಫೆಸಿಲಿಟಿಯೂ ಅದನ್ನು ಬಳಸುವ ಸಿಸ್ಟಮೂ ಒಂದೇ ಪೆಟ್ಟಿಗೆಯಲ್ಲಿ ಇರಬಾರದು, ಏಕೆಂದರೆ ಆ ಪೆಟ್ಟಿಗೆ ಕೆಟ್ಟರೆ ಲಾಕ್ ಹಿಡಿದಿದ್ದವನೂ ಲಾಕಿನ ಪಟ್ಟಿಯೂ ಒಟ್ಟಿಗೆ ಹೋಗುತ್ತವೆ.

ಎರಡನೆಯದಾಗಿ ಶೇರಿಂಗ್ ಕಂಟ್ರೋಲ್ ಡೇಟಾ ಸೆಟ್ಟುಗಳು (ಡೇಟಾ ಸೆಟ್ ಎಂದರೆ ಮೇನ್‌ಫ್ರೇಮಿನ ಮಾತಿನಲ್ಲಿ ಫೈಲೇ). ಯಾವ ಫೈಲಿನ ಮೇಲೆ ಯಾರ ಲಾಕು ಉಳಿದಿದೆ ಎಂಬಂತಹ, ಎಲ್ಲವೂ ಬಿದ್ದು ಎದ್ದ ಮೇಲೂ ಬೇಕಾಗುವ ಮಾಹಿತಿ ಅವುಗಳಲ್ಲಿರುತ್ತದೆ. ಹೆಸರು ಎಸ್‌ವೈಎಸ್1 ಡಾಟ್ ಡಿಎಫ್‌ಪಿಎಸ್‌ಎಚ್‌ಸಿಡಿಎಸ್ ಎಂದು ಆರಂಭವಾಗಿ, ನಡುವೆ ನಿಮ್ಮ ಆಯ್ಕೆಯ ಒಂದು ಭಾಗ ಬಂದು, ಕೊನೆಯಲ್ಲಿ ವಿ ಅಕ್ಷರದ ಮುಂದೆ ಡಿಸ್ಕಿನ ಹೆಸರು ಸೇರಿ ಮುಗಿಯಬೇಕು. ಇವು ಲೀನಿಯರ್ ಡೇಟಾ ಸೆಟ್ಟುಗಳು, ಶೇರ್‌ಆಪ್ಷನ್ಸ್ 3, 3. ಅದೇ ಅಂಕೆಗಳು ಇಲ್ಲಿ ಸರಿಯಾಗಿವೆ, ಏಕೆಂದರೆ ಲಾಕ್ ಹಿಡಿಯುವವರು ಯಾರೆಂದು ಇಲ್ಲಿ ಗೊತ್ತಿದೆ, ಅದು ಎಸ್‌ಎಂಎಸ್‌ವಿಸ್ಯಾಮ್ ತಾನೇ. ಎರಡು ಚಾಲ್ತಿಯಲ್ಲಿ, ಒಂದು ಮೀಸಲಿನಲ್ಲಿ, ಹೀಗೆ ಮೂರನ್ನು ಮೂರು ಬೇರೆ ಡಿಸ್ಕುಗಳಲ್ಲಿ ಇಡಿ, ರಿಸರ್ವ್ ಹೆಚ್ಚಾಗಿ ಬೀಳುವ ಡಿಸ್ಕುಗಳಲ್ಲಿ ಇಡಬೇಡಿ.

ಮೂರನೆಯದು ಐಜಿಡಿಎಸ್‌ಎಂಎಸ್ ಸದಸ್ಯ. ಆರ್‌ಎಲ್‌ಎಸ್‌ಇನಿಟ್ ಯೆಸ್ ಎಂದರೆ ಎಸ್‌ಎಂಎಸ್‌ವಿಸ್ಯಾಮ್ ತಾನಾಗಿ ಏಳುತ್ತದೆ. ಬಫರುಗಳ ಗಾತ್ರವನ್ನು ಹೇಳುವ ಆರ್‌ಎಲ್‌ಎಸ್ ಮ್ಯಾಕ್ಸ್ ಪೂಲ್ ಸೈಜ್ ಏನೂ ಹೇಳದಿದ್ದರೆ 100 ಎಂಬಿ. ಡೆಡ್‌ಲಾಕ್ ಡಿಟೆಕ್ಷನ್ ಏನೂ ಹೇಳದಿದ್ದರೆ 15, 4: ಪ್ರತಿ ಸಿಸ್ಟಂ 15 ಸೆಕೆಂಡಿಗೊಮ್ಮೆ ತನ್ನೊಳಗಿನ ಡೆಡ್‌ಲಾಕ್ ಹುಡುಕುತ್ತದೆ, ಅಂತಹ ನಾಲ್ಕು ಸುತ್ತಿಗೊಮ್ಮೆ ಎಲ್ಲ ಸಿಸ್ಟಂಗಳ ನಡುವಿನದನ್ನು ಹುಡುಕುತ್ತದೆ. ಎರಡು ಸಿಸ್ಟಂಗಳ ವ್ಯವಹಾರಗಳು ಪರಸ್ಪರ ಸಿಕ್ಕಿಕೊಂಡರೆ ಸುಮಾರು ಒಂದು ನಿಮಿಷ ಹಾಗೆಯೇ ಇರಬಹುದು ಎಂದು ಇದರ ಅರ್ಥ. ಕೌಂಟರಿನ ಮುಂದೆ ನಿಂತವರಿಗೆ ಒಂದು ನಿಮಿಷ ಬಹಳ ಉದ್ದ, ಆದ್ದರಿಂದ ಆನ್‌ಲೈನ್ ಕೆಲಸ ಹೆಚ್ಚಿರುವ ಕಡೆ ಈ ಅಂಕೆಗಳನ್ನು ಇಳಿಸುವುದನ್ನು ಯೋಚಿಸಿ.

ನಾಲ್ಕನೆಯದಾಗಿ, ಎಸ್‌ಎಂಎಸ್‌ನ ಬೇಸ್ ಕಾನ್ಫಿಗರೇಷನ್ನಿನಲ್ಲಿ ಒಂದು ಕ್ಯಾಶೆ ಸೆಟ್ ಮಾಡಿ, ಅದಕ್ಕೆ ಕ್ಯಾಶೆ ಸ್ಟ್ರಕ್ಚರುಗಳ ಹೆಸರು ಕೊಟ್ಟು, ಆ ಕ್ಯಾಶೆ ಸೆಟ್ಟಿನ ಹೆಸರಿರುವ ಒಂದು ಸ್ಟೋರೇಜ್ ಕ್ಲಾಸನ್ನು ಸೃಷ್ಟಿಸಿ. ಆ ಕ್ಲಾಸಿನಲ್ಲಿಲ್ಲದ ಫೈಲ್ ಆರ್‌ಎಲ್‌ಎಸ್‌ನಲ್ಲಿ ತೆರೆಯುವುದಿಲ್ಲ. ಎಲ್ಲ ಆದ ಮೇಲೆ "ಡಿಸ್‌ಪ್ಲೇ ಎಸ್‌ಎಂಎಸ್, ಎಸ್‌ಎಂಎಸ್‌ವಿಸ್ಯಾಮ್" ಎಂದು ಕೇಳಿ, ಎಲ್ಲ ಸಿಸ್ಟಂಗಳಲ್ಲೂ ಅದು ಎದ್ದು ನಿಂತಿದೆ ಎಂದು ಕಣ್ಣಾರೆ ಕಂಡ ಮೇಲೆಯೇ ಮುಂದುವರಿಯಿರಿ.

ಐದನೆಯ ಹೆಜ್ಜೆ: ಫೈಲನ್ನೂ ಸಿಐಸಿಎಸ್‌ಅನ್ನೂ ಬದಲಿಸುವುದು

ಫೈಲಿನ ವ್ಯಾಖ್ಯೆಯಲ್ಲಿ ಲಾಗ್ ಪ್ಯಾರಾಮೀಟರನ್ನು ಆಲ್ಟರ್ ಆಜ್ಞೆಯ ಮೂಲಕ ಕೊಡಬೇಕು. ಅದು ಖಾಲಿ ಇದ್ದರೆ ಆರ್‌ಎಲ್‌ಎಸ್ ತೆರೆಯಲು ಒಪ್ಪುವುದಿಲ್ಲ. ಲಾಗ್ ನನ್ ಎಂದರೆ ವ್ಯವಹಾರ ನಡುವೆ ಮುರಿದರೂ ಬದಲಾವಣೆ ಹಿಂದಕ್ಕೆ ಹೋಗುವುದಿಲ್ಲ. ಲಾಗ್ ಅಂಡೂ ಎಂದರೆ ಹಿಂದಕ್ಕೆ ಹೋಗುತ್ತದೆ. ಲಾಗ್ ಆಲ್ ಎಂದರೆ ಹಿಂದಕ್ಕೂ ಹೋಗುತ್ತದೆ, ಬ್ಯಾಕಪ್ಪಿನಿಂದ ಮುಂದಕ್ಕೆ ಕಟ್ಟಿಕೊಂಡು ಬರಲೂ ದಾಖಲೆ ಉಳಿಯುತ್ತದೆ, ಅದಕ್ಕೆ ಆ ದಾಖಲೆ ಹೋಗಿ ಸೇರುವ ಲಾಗ್‌ಸ್ಟ್ರೀಮಿನ ಹೆಸರನ್ನೂ ಕೊಡಬೇಕು. ಹಣದ ಫೈಲಿಗೆ ಲಾಗ್ ಆಲ್‌ಗಿಂತ ಕಡಿಮೆ ಇಡಬಾರದು ಎಂಬುದು ನನ್ನ ಅಭಿಪ್ರಾಯ.

ಸಿಐಸಿಎಸ್‌ನ ಸಿಸ್ಟಂ ಇನಿಷಿಯಲೈಸೇಷನ್ ಟೇಬಲ್ಲಿನಲ್ಲಿ ಆರ್‌ಎಲ್‌ಎಸ್ ಯೆಸ್, ಸಿಐಸಿಎಸ್‌ನೊಳಗಿನ ಫೈಲಿನ ವ್ಯಾಖ್ಯೆಯಲ್ಲಿ ಆರ್‌ಎಲ್‌ಎಸ್ ಆಕ್ಸೆಸ್ ಯೆಸ್ ಎಂದು ಕೊಡಿ. ಇದನ್ನು ಎಲ್ಲ ರೀಜನ್ನುಗಳಲ್ಲೂ ಒಂದೇ ಸಲ ಮಾಡಿ; ಅರ್ಧ ರೀಜನ್ನುಗಳು ಹಳೆಯ ಕ್ರಮದಲ್ಲಿ, ಅರ್ಧ ಹೊಸ ಕ್ರಮದಲ್ಲಿ ಎಂಬ ಸ್ಥಿತಿ ಒಂದು ದಿನಕ್ಕೂ ಬೇಡ. ಪ್ರೋಗ್ರಾಮುಗಳನ್ನು ಹೆಚ್ಚಾಗಿ ಮುಟ್ಟಬೇಕಾಗಿಲ್ಲ, ಆದರೆ ಹೊಸದಾಗಿ ಬರಬಹುದಾದ ಎರಡು ಅಬೆಂಡುಗಳು, ಲಾಕಿಗೆ ಕಾದು ಸಮಯ ಮೀರಿದಾಗ ಬರುವ ಎಎಫ್‌ಸಿವಿ ಮತ್ತು ಡೆಡ್‌ಲಾಕಿನಲ್ಲಿ ಬರುವ ಎಎಫ್‌ಸಿಡಬ್ಲ್ಯೂ, ತಂಡದವರಿಗೆ ಮೊದಲೇ ಗೊತ್ತಿರಲಿ.

ಈಗ ಒಂದು ಸಣ್ಣ ಕಂಡಿಯ ವಿಷಯ. ಆರ್‌ಎಲ್‌ಎಸ್‌ನಲ್ಲಿ ತೆರೆದಾಗ ಶೇರ್‌ಆಪ್ಷನ್ಸ್ ಲೆಕ್ಕಕ್ಕೆ ಬರುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಅದು ಸರಿಯೇ, ಆದರೆ ಮೊದಲ ಅಂಕೆ 2 ಆಗಿದ್ದರೆ, ಆರ್‌ಎಲ್‌ಎಸ್‌ನಲ್ಲಿ ಬರೆಯುವುದು ನಡೆಯುತ್ತಿರುವಾಗಲೇ ಹಳೆಯ ಕ್ರಮದ ಪ್ರೋಗ್ರಾಮೊಂದು ಅದೇ ಫೈಲನ್ನು ಓದಲು ತೆರೆಯಬಹುದು. ಅದು ಲಾಕನ್ನೂ ನೋಡುವುದಿಲ್ಲ, ಬಫರಿನ ಗುರುತನ್ನೂ ನೋಡುವುದಿಲ್ಲ. ಅಂತಹ ವರದಿಯ ಅಂಕೆಗಳನ್ನು ನಂಬಿ ಯಾರಾದರೂ ಸಹಿ ಹಾಕುವುದಾದರೆ ಆ 2ನ್ನು 1 ಮಾಡಿ, ವರದಿಯ ಜಾಬಿಗೆ ಆರ್‌ಎಲ್‌ಎಸ್ ಈಕ್ವಲ್ಸ್ ಸಿಆರ್ ಎಂದು ಕೊಡಿ. ಆಗ ಅದು ಪ್ರತಿ ರೆಕಾರ್ಡನ್ನೂ ಲಾಕ್ ಕೇಳಿಯೇ ಓದುತ್ತದೆ. ಎನ್‌ಆರ್‌ಐ ಎಂದು ಕೊಟ್ಟರೆ ಲಾಕ್ ಕೇಳದೆ ವೇಗವಾಗಿ ಓದುತ್ತದೆ, ಇನ್ನೂ ಖಾತ್ರಿಯಾಗದ ಬದಲಾವಣೆಯೂ ಅದಕ್ಕೆ ಕಾಣಬಹುದು.

ಆರನೆಯ ಹೆಜ್ಜೆ: ರಾತ್ರಿಯ ಬ್ಯಾಚ್

ಲಾಗ್ ಅಂಡೂ ಅಥವಾ ಆಲ್ ಇರುವ ಫೈಲನ್ನು ಸಾಮಾನ್ಯ ಬ್ಯಾಚ್ ಜಾಬ್ ಆರ್‌ಎಲ್‌ಎಸ್‌ನಲ್ಲಿ ಓದಬಹುದು, ಬರೆಯಲು ತೆರೆಯುವಂತಿಲ್ಲ, ಏಕೆಂದರೆ ನಡುವೆ ಬಿದ್ದರೆ ಅದರ ಬದಲಾವಣೆಗಳನ್ನು ಹಿಂದಕ್ಕೆ ಒಯ್ಯುವವರು ಯಾರೂ ಇಲ್ಲ. ಡಿಎಫ್‌ಎಸ್‌ಎಂಎಸ್ ಟಿವಿಎಸ್ ಎಂಬ ಬೇರೆ ಸೌಲಭ್ಯವನ್ನು ತಂದುಕೊಂಡರೆ ಬರೆಯಬಹುದು. ಅದಿಲ್ಲದ ಕಡೆ ಕ್ವೈಸ್ ಮಾಡುವುದೇ, ಅಂದರೆ ಎಲ್ಲರೂ ಫೈಲನ್ನು ತಾತ್ಕಾಲಿಕವಾಗಿ ಮುಚ್ಚುವಂತೆ ಮಾಡುವುದೇ, ದಾರಿ: ಒಂದು ಸಿಐಸಿಎಸ್‌ನಲ್ಲಿ ಸಿಇಎಂಟಿ ಎಂಬ ನಿಯಂತ್ರಣದ ಆಜ್ಞೆಯ ಮೂಲಕ ಆ ಡೇಟಾ ಸೆಟ್ಟನ್ನು ಕ್ವೈಸ್ಡ್ ಎಂದು ಮಾಡಿದರೆ, ಅದು ಸಿಸ್‌ಪ್ಲೆಕ್ಸ್‌ನ ಎಲ್ಲ ಸಿಐಸಿಎಸ್‌ಗಳಿಗೂ ತಲುಪಿ, ಅವೆಲ್ಲ ನಡೆಯುತ್ತಿರುವ ವ್ಯವಹಾರ ಮುಗಿಸಿ ಫೈಲನ್ನು ಮುಚ್ಚುತ್ತವೆ. ಆಮೇಲೆ ಬ್ಯಾಚ್ ಹಳೆಯ ಕ್ರಮದಲ್ಲಿ ಒಂಟಿಯಾಗಿ ಬರೆಯುತ್ತದೆ. ಅದು ಮುಗಿದ ಮೇಲೆ ಅನ್‌ಕ್ವೈಸ್ಡ್ ಮಾಡುವ ಹೆಜ್ಜೆಯನ್ನು ಜಾಬ್ ಶೆಡ್ಯೂಲಿನೊಳಗೇ ಸೇರಿಸಿ. ನಸುಕಿನ ನಾಲ್ಕು ಗಂಟೆಗೆ ಎದ್ದು ಟೈಪ್ ಮಾಡುವವರ ನೆನಪಿನ ಮೇಲೆ ಬಿಡಬೇಡಿ.

ಏಳನೆಯ ಹೆಜ್ಜೆ: ಬೇಕೆಂದೇ ಬೀಳಿಸಿ ನೋಡುವುದು

ಪರೀಕ್ಷಾ ಸಿಸ್‌ಪ್ಲೆಕ್ಸ್‌ನಲ್ಲಿ, ಎರಡು ಕಡೆಯಿಂದ ವ್ಯವಹಾರ ಹರಿಯುತ್ತಿರುವಾಗ, ಒಂದು ಸಿಸ್ಟಮಿನಲ್ಲಿ "ವೇರಿ ಎಸ್‌ಎಂಎಸ್, ಎಸ್‌ಎಂಎಸ್‌ವಿಸ್ಯಾಮ್, ಟರ್ಮಿನೇಟ್‌ಸರ್ವರ್" ಕೊಟ್ಟು ಬೀಳಿಸಿ, ಆಮೇಲೆ ಅದೇ ಆಜ್ಞೆಯ ಕೊನೆಯಲ್ಲಿ ಟರ್ಮಿನೇಟ್‌ಸರ್ವರ್ ಬದಲು ಆಕ್ಟಿವ್ ಎಂದು ಕೊಟ್ಟು ಎಬ್ಬಿಸಿ. ಐಜಿಡಬ್ಲ್ಯೂಲಾಕ್00 ಸ್ಟ್ರಕ್ಚರನ್ನು ಸೆಟ್‌ಎಕ್ಸ್‌ಸಿಎಫ್ ರೀಬಿಲ್ಡ್ ಆಜ್ಞೆಯಿಂದ ಎರಡನೆಯ ಕಪ್ಲಿಂಗ್ ಫೆಸಿಲಿಟಿಗೆ ಸರಿಸಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ವ್ಯವಹಾರದ ನಡುವೆಯೇ ಒಂದು ಸಿಐಸಿಎಸ್‌ಅನ್ನು ಕ್ಯಾನ್ಸಲ್ ಮಾಡಿ. ಅದು ಹಿಡಿದಿದ್ದ ಲಾಕುಗಳು ಉಳಿಸಿಟ್ಟ ಲಾಕುಗಳಾಗುತ್ತವೆ, ಆ ರೆಕಾರ್ಡುಗಳನ್ನು ಕೇಳಿದ ಉಳಿದ ರೀಜನ್ನುಗಳಿಗೆ ಕಾಯುವ ಬದಲು ಲಾಕ್ಡ್ ಎಂಬ ಉತ್ತರ ಕೂಡಲೇ ಬರುತ್ತದೆ, ಮತ್ತು ಆ ಸಿಐಸಿಎಸ್ ಮತ್ತೆ ಎದ್ದು ತನ್ನ ಅರ್ಧ ಕೆಲಸವನ್ನು ಹಿಂದಕ್ಕೆ ಒಯ್ಯುವವರೆಗೂ ಅವು ಬಿಡುವುದಿಲ್ಲ. ಐಡಿಕ್ಯಾಮ್ಸ್ ಯುಟಿಲಿಟಿಯ ಎಸ್‌ಎಚ್‌ಸಿಡಿಎಸ್ ಲಿಸ್ಟ್‌ಡಿಎಸ್ ಆಜ್ಞೆಯಿಂದ ಅವುಗಳನ್ನು ನೋಡಬಹುದು. ಬಿದ್ದ ಸಿಐಸಿಎಸ್ ತಾನಾಗಿ ಏಳುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಈಗಲೇ ಮಾಡಿಕೊಳ್ಳಿ. ಪರ್ಮಿಟ್ ನಾನ್‌ಆರ್‌ಎಲ್‌ಎಸ್ ಅಪ್‌ಡೇಟ್ ಎಂಬ ಆಜ್ಞೆಯೊಂದು ಇದೆ, ಉಳಿಸಿಟ್ಟ ಲಾಕುಗಳಿದ್ದರೂ ಬ್ಯಾಚಿಗೆ ಬರೆಯಲು ಬಿಡುತ್ತದೆ. ಅದನ್ನು ಯಾರು ಬಳಸಬಹುದು ಎಂಬುದನ್ನು ಭದ್ರತೆಯ ತಂತ್ರಾಂಶವಾದ ರ‍್ಯಾಕ್‌ಎಫ್‌ನಲ್ಲಿ ಇಬ್ಬರಿಗೋ ಮೂವರಿಗೋ ಸೀಮಿತಗೊಳಿಸಿ.

ಉತ್ಪಾದನೆಗೆ ಒಯ್ಯುವಾಗ ಒಂದೊಂದೇ ಫೈಲಾಗಿ ಒಯ್ಯಿರಿ, ಹಣವಿಲ್ಲದ ಫೈಲು ಮೊದಲು. ಪ್ರತಿ ಫೈಲಿಗೂ ಒಂದು ತಿಂಗಳ ಕೊನೆ ಕಳೆಯುವವರೆಗೆ ಮುಂದಿನದನ್ನು ಮುಟ್ಟಬೇಡಿ. ಆ ದಿನಗಳಲ್ಲಿ "ಡಿಸ್‌ಪ್ಲೇ ಎಸ್‌ಎಂಎಸ್, ಸಿಎಫ್‌ಎಲ್‌ಎಸ್" ಆಜ್ಞೆ ಕೊಡುವ ಎರಡು ಅಂಕೆಗಳನ್ನು, ನಿಜವಾದ ಲಾಕ್ ಸ್ಪರ್ಧೆ ಮತ್ತು ಸುಳ್ಳು ಸ್ಪರ್ಧೆ, ಬರೆದಿಟ್ಟುಕೊಳ್ಳಿ. 42ನೆಯ ಬಗೆಯ ಎಸ್‌ಎಂಎಫ್ ದಾಖಲೆಗಳಲ್ಲಿ ವಿವರ ಸಿಗುತ್ತದೆ. ಎರಡು ಬೇರೆ ರೆಕಾರ್ಡುಗಳ ಹೆಸರು ಲಾಕ್ ಟೇಬಲ್ಲಿನ ಒಂದೇ ನಮೂದಿಗೆ ಹೋಗಿ ಬಿದ್ದರೆ ಅದು ಸುಳ್ಳು ಸ್ಪರ್ಧೆ. ಅದು ಏರುತ್ತಿದ್ದರೆ ಲಾಕ್ ಸ್ಟ್ರಕ್ಚರನ್ನು ದೊಡ್ಡದು ಮಾಡಿ ರೀಬಿಲ್ಡ್ ಮಾಡಿ. ನಿಜವಾದ ಸ್ಪರ್ಧೆ ಏರುತ್ತಿದ್ದರೆ ಸ್ಟ್ರಕ್ಚರ್ ಹಿಗ್ಗಿಸಿ ಫಲವಿಲ್ಲ. ಎಲ್ಲ ವ್ಯವಹಾರಗಳೂ ಮುಟ್ಟುವ ಒಂದು ರೆಕಾರ್ಡು, ಬಹುಮಟ್ಟಿಗೆ ಮುಂದಿನ ರಸೀತಿ ಸಂಖ್ಯೆಯನ್ನು ಇಟ್ಟುಕೊಂಡಿರುವಂಥದ್ದು, ಫೈಲಿನಲ್ಲಿ ಎಲ್ಲಿದೆ ಎಂದು ಹುಡುಕಿ, ಅದನ್ನು ಶಾಖೆಗೊಂದರಂತೆ ಬಿಡಿಸಿ ಇಡಿ.